ಸಾಕ್ಷಿ ಹೇಳುವವರ ಊರಿಗೆ ಸರ್ಕಾರಿ ವಕೀಲರು ಹೋದಾಗ

"ಮೇಡಂ, ನಮ್ಮ ಕಡಿ ವಕೀಲ್ರು ಯಾರ್ರೀ?"

ಕೋರ್ಟಿನ ವರಾಂಡದಲ್ಲಿ ನನ್ನನ್ನು ಹೀಗೆ ಕೇಳುವವರು ಆರೋಪಿಗಳಲ್ಲ. ಅವರಿಗೆ ತಮ್ಮ ವಕೀಲರು ಯಾರೆಂದು ಚೆನ್ನಾಗಿ ಗೊತ್ತಿರುತ್ತದೆ. ಕೇಳುವವರು ಏಟು ತಿಂದವರು, ಬೈಕು ಕಳೆದುಕೊಂಡವರು, ಹೆದ್ದಾರಿಯಲ್ಲಿ ಮಗನನ್ನು ಕಳೆದುಕೊಂಡವರು. ಠಾಣೆಗೆ ಹೋಗಿ ಫಿರ್ಯಾದಿ ಕೊಟ್ಟು ವರ್ಷಗಳೇ ಆಗಿರುತ್ತವೆ. ಒಂದು ದಿನ ಪೊಲೀಸರು ಸಮನ್ಸ್ ತಂದುಕೊಡುತ್ತಾರೆ, ಇವರು ಬಸ್ಸು ಹತ್ತಿ ಬರುತ್ತಾರೆ. ತಮ್ಮ ಕೇಸನ್ನು ನಡೆಸುವವರು ಯಾರು, ಗಂಡಸೋ ಹೆಂಗಸೋ, ಅವರಿಗೆ ದುಡ್ಡು ಕೊಡಬೇಕೋ ಬೇಡವೋ, ಒಂದೂ ಗೊತ್ತಿರುವುದಿಲ್ಲ.

ನಾನು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ನ್ಯಾಯಾಲಯದಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕಿ. ಕೋರ್ಟಿನಲ್ಲಿ ಎಪಿಪಿ ಅನ್ನುತ್ತಾರೆ, ಹಳ್ಳಿಯವರು ಸರ್ಕಾರಿ ವಕೀಲ್ರು ಅನ್ನುತ್ತಾರೆ. ಕೊಲೆ, ಅತ್ಯಾಚಾರದಂಥ ಸೆಷನ್ಸ್ ಕೇಸುಗಳು ಮೇಲಿನ ಕೋರ್ಟಿನಲ್ಲಿ ಸರ್ಕಾರಿ ಅಭಿಯೋಜಕರ ಕೈಗೆ ಹೋಗುತ್ತವೆ. ನನ್ನ ಮೇಜಿಗೆ ಬರುವುದು ಮ್ಯಾಜಿಸ್ಟ್ರೇಟ್ ಕೋರ್ಟಿನ ಕೇಸುಗಳು: ಬದುವಿನ ಜಗಳ, ಹೊಡೆದಾಟ, ಕಳವು, ಗಂಡನ ಮನೆಯ ಕಿರುಕುಳ, ಮಟ್ಕಾ, ಇಸ್ಪೀಟು, ರಾಷ್ಟ್ರೀಯ ಹೆದ್ದಾರಿ 48ರ ಅಪಘಾತಗಳು. ಪತ್ರಿಕೆಯಲ್ಲಿ ಇವು ಎರಡು ಸಾಲಿನ ಸುದ್ದಿಯೂ ಆಗುವುದಿಲ್ಲ. ಆದರೆ ನಮ್ಮ ಭಾಗದ ಹೆಚ್ಚಿನ ಜನರು ಜೀವಮಾನದಲ್ಲಿ ಕಾಣುವ ಕೋರ್ಟು ಇದೊಂದೇ. ಇಲ್ಲಿ ಅವರಿಗೆ ಆದ ಅನುಭವವೇ ನ್ಯಾಯದ ಬಗ್ಗೆ ಅವರ ಕೊನೆಯ ಅಭಿಪ್ರಾಯವಾಗಿ ಉಳಿಯುತ್ತದೆ.

ಇಂಥ ಕೇಸುಗಳು ಎಲ್ಲಿ ಬೀಳುತ್ತವೆ ಎಂಬುದು ಈ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತು. ವಾದದಲ್ಲಿ ಸೋಲುವುದು ಕಡಿಮೆ. ಘಟನೆ ನಡೆದ ದಿನಕ್ಕೂ ಸಾಕ್ಷಿ ಕಟಕಟೆ ಹತ್ತುವ ದಿನಕ್ಕೂ ನಡುವೆ ಊರಲ್ಲಿ ಏನೇನೋ ಆಗಿ ಹೋಗಿರುತ್ತದೆ. ಮದುವೆ, ಜಾತ್ರೆ, ಪಂಚಾಯಿತಿ ಚುನಾವಣೆ, ಸಾಲದ ಲೇವಾದೇವಿ, ಹಿರಿಯರ ರಾಜಿ. ಸಾಕ್ಷಿ ಬಂದು "ನನಗೇನೂ ಗೊತ್ತಿಲ್ರೀ, ಪೊಲೀಸರು ನನ್ನ ಕೇಳೂ ಇಲ್ಲ" ಅನ್ನುತ್ತಾನೆ. ನಾನು ಎದ್ದು ನಿಂತು, ಇವನನ್ನು ಪ್ರತಿಕೂಲ ಸಾಕ್ಷಿ (ಮೊದಲಿನ ಹೇಳಿಕೆಯಿಂದ ತಿರುಗಿದವನು) ಎಂದು ಪರಿಗಣಿಸಿ ಪಾಟಿ ಸವಾಲಿಗೆ, ಅಂದರೆ ಎದುರು ಪಕ್ಷದ ವಕೀಲರು ಮಾಡುವಂತೆ ಪ್ರಶ್ನಿಸಲು, ಅನುಮತಿ ಕೊಡಬೇಕೆಂದು ಕೇಳುತ್ತೇನೆ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಪೊಲೀಸರು ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ಇರಲೂಬಾರದು. ಕೋರ್ಟಿನಲ್ಲಿ ಅದನ್ನು ಅವನ ಮಾತಿಗೆ ಎದುರು ಹಿಡಿಯಬಹುದೇ ಹೊರತು ಅದೇ ಪುರಾವೆಯಾಗುವುದಿಲ್ಲ. ಸಾಕ್ಷಿ ತಿರುಗಿದರೆ ಆ ಕಾಗದ ಬರೀ ಕಾಗದ.

ನಾನು ಕೋರ್ಟಿನಿಂದ ಹೊರಗೆ ಹೆಜ್ಜೆ ಇಟ್ಟದ್ದು ಈ ಕಾರಣಕ್ಕೆ. ಶಿಕ್ಷೆಯ ಪ್ರಮಾಣ ಹೆಚ್ಚಿಸಬೇಕೆಂಬ ಗುರಿ ಅದರಲ್ಲಿ ಇರಲಿಲ್ಲ. ಹಾಗೆ ಹೊರಟ ಅಭಿಯೋಜಕರು ದಾರಿ ತಪ್ಪುತ್ತಾರೆ ಎಂದೇ ನನ್ನ ನಂಬಿಕೆ. ನಮ್ಮ ಕೆಲಸ ನಿಜ ಏನೆಂಬುದನ್ನು ನ್ಯಾಯಾಧೀಶರ ಮುಂದೆ ಇಡುವುದು. ಆರೋಪಿಗೆ ಅನುಕೂಲವಾಗುವ ಸಂಗತಿ ಕಡತದಲ್ಲಿದ್ದರೆ ಅದನ್ನೂ ಇಡಬೇಕು. ಜನ ಬಂದು ನಿಜ ಹೇಳಲು ಏನು ಅಡ್ಡಿಯಾಗಿದೆ, ಅದರಲ್ಲಿ ನನ್ನ ಕೈಯಲ್ಲಿ ನಿವಾರಣೆ ಆಗುವುದು ಎಷ್ಟು, ಅಷ್ಟನ್ನೇ ನಾನು ಹುಡುಕಿದ್ದು.

ಮೊದಲು ಮಾಡಿದ್ದು ಬಹಳ ಸಣ್ಣ ಕೆಲಸ. ನನ್ನ ಕೋಣೆಯ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದೆ: ಫಿರ್ಯಾದಿದಾರರು ಮತ್ತು ಸಾಕ್ಷಿದಾರರು ಮೊದಲು ಇಲ್ಲಿಗೆ ಬನ್ನಿ, ಯಾವ ಶುಲ್ಕವೂ ಇಲ್ಲ. ಸಮನ್ಸ್ ತಲುಪಿಸುವ ಪೊಲೀಸರಿಗೆ, ಕೊಡುವಾಗ ಬರೀ ತಾರೀಖು ಹೇಳಬೇಡಿ, ಬೆಳಿಗ್ಗೆ ಹತ್ತೂಕಾಲಿಗೆ ಸರ್ಕಾರಿ ವಕೀಲರನ್ನು ಕಾಣಬೇಕು ಎಂದೂ ಹೇಳಿ ಅಂದೆ. ಕಲಾಪ ಶುರುವಾಗುವುದು ಹನ್ನೊಂದಕ್ಕೆ. ಆ ಮುಕ್ಕಾಲು ಗಂಟೆ ಸಾಕ್ಷಿದಾರರದ್ದು.

ಆ ಹೊತ್ತಿನಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಕ್ಷಿಗೆ ಪಾಠ ಹೇಳಿಕೊಡುವಂತಿಲ್ಲ. ಅದು ಅನ್ಯಾಯ, ಪಾಟಿ ಸವಾಲಿನಲ್ಲಿ ನಿಲ್ಲುವುದೂ ಇಲ್ಲ. ಫಿರ್ಯಾದಿದಾರರಿಗೆ ಅವರೇ ಸಹಿ ಮಾಡಿ ಕೊಟ್ಟ ದೂರನ್ನು ತೋರಿಸುತ್ತೇನೆ. ಉಳಿದವರಿಗೆ ನಾನಾಗಿ ಏನೂ ಹೇಳುವುದಿಲ್ಲ, ಅವರ ಬಾಯಿಂದಲೇ ಕೇಳುತ್ತೇನೆ. ಅವರು ಹೇಳಿದ್ದು ಕಡತದಲ್ಲಿ ಇರುವುದಕ್ಕೆ ಹೊಂದದಿದ್ದರೆ ತಿದ್ದುವುದಿಲ್ಲ. "ನಿಮಗೆ ಕಂಡದ್ದು ಇಷ್ಟೇ ಏನ್ರೀ? ಹಂಗಾದ್ರ ಅಷ್ಟ ಹೇಳ್ರಿ" ಅನ್ನುತ್ತೇನೆ. ಸಂಜೆ ಕತ್ತಲಾಗಿತ್ತು, ಯಾರು ಹೊಡೆದರೋ ಕಾಣಲಿಲ್ಲ ಎಂದು ಒಬ್ಬ ಸಾಕ್ಷಿ ನನ್ನ ಕೋಣೆಯಲ್ಲಿ ಹೇಳಿದರೆ ಕಟಕಟೆಯಲ್ಲೂ ಅದನ್ನೇ ಹೇಳಬೇಕು. ಕೇಸು ಬಿದ್ದರೆ ಬೀಳಲಿ.

ಅದರ ಬದಲು ಕೋರ್ಟು ಹೇಗೆ ನಡೆಯುತ್ತದೆ ಎಂಬುದನ್ನು ಹೇಳುತ್ತೇನೆ. ಎಲ್ಲಿ ನಿಲ್ಲಬೇಕು. ಪ್ರಮಾಣ ಮಾಡಿಸುವವರು ಯಾರು. ಆರೋಪಿ ಅಲ್ಲೇ ಎದುರಿಗೆ ಇರುತ್ತಾನೆ, ಅವನು ಇವನೇ ಎಂದು ಗುರುತಿಸಿ ಹೇಳಬೇಕಾಗುತ್ತದೆ, ಹೆದರಿಕೆಯಾದರೆ ನ್ಯಾಯಾಧೀಶರ ಕಡೆ ನೋಡಿ ಮಾತಾಡಿ. ಪ್ರಶ್ನೆ ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನಿ, ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನಿ. ಹಳ್ಳಿಯ ಹಿರಿಯರಿಗೆ ಸಾಹೇಬರ ಮುಂದೆ "ಗೊತ್ತಿಲ್ಲ" ಅನ್ನುವುದು ಅವಮಾನ ಅನ್ನಿಸುತ್ತದೆ. ಹಾಗಾಗಿ ಗೊತ್ತಿಲ್ಲದ ತಾರೀಖು, ಗೊತ್ತಿಲ್ಲದ ದೂರ ಎಲ್ಲಕ್ಕೂ ಅಂದಾಜಿನ ಮೇಲೆ ಒಂದು ಉತ್ತರ ಕೊಟ್ಟುಬಿಡುತ್ತಾರೆ, ಆಮೇಲೆ ಅದರಲ್ಲೇ ಸಿಕ್ಕಿಕೊಳ್ಳುತ್ತಾರೆ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಪಾಟಿ ಸವಾಲಿನ ಕೊನೆಯ ಪ್ರಶ್ನೆಗಳು. "ನೀವು ಆ ದಿನ ಸ್ಥಳದಲ್ಲಿ ಇರಲೇ ಇಲ್ಲ ಎಂದರೆ ಸರಿಯೇ?" "ಆಸ್ತಿ ವೈಷಮ್ಯದಿಂದ ಸುಳ್ಳು ಹೇಳುತ್ತಿದ್ದೀರಿ ಎಂದರೆ ಸರಿಯೇ?" ನಮ್ಮ ಕೋರ್ಟುಗಳಲ್ಲಿ ಸಾಕ್ಷ್ಯ ದಾಖಲಾಗುವ ರೀತಿಯೇ ಇದು. ಉತ್ತರ "ಸರಿ" ಅಥವಾ "ಸರಿಯಲ್ಲ" ಎಂದು ಬರೆಯಲಾಗುತ್ತದೆ. ಹೊಲದಲ್ಲಿ ದುಡಿಯುವ ಹೆಣ್ಣುಮಗಳು ಇಂಥ ಪ್ರಶ್ನೆಯನ್ನು ಜನ್ಮದಲ್ಲಿ ಕೇಳಿರುವುದಿಲ್ಲ. "ಇರಲಿಲ್ಲ ಎಂದರೆ ಸರಿಯೇ" ಅಂದಾಗ ಆಕೆ "ಹೂಂನ್ರೀ, ಇದ್ನಿ" ಅನ್ನುತ್ತಾಳೆ. ಬರೆದುಕೊಳ್ಳುವವರಿಗೆ "ಹೂಂ" ಮಾತ್ರ ಕೇಳಿಸಿದರೆ ಆಕೆ ಸ್ಥಳದಲ್ಲಿ ಇರಲೇ ಇಲ್ಲ ಎಂದಾಗಿಬಿಡುತ್ತದೆ. ಆದ್ದರಿಂದ ಕೇಸಿಗೆ ಸಂಬಂಧವಿಲ್ಲದ ಉದಾಹರಣೆ ಕೊಟ್ಟು ಕೇಳುತ್ತೇನೆ: "ನೀವು ಇವತ್ತು ಬಸ್ಸಿಗೆ ಬಂದೇ ಇಲ್ಲ ಎಂದರೆ ಸರಿಯೇನ್ರೀ?" ಮೊದಲ ಸಲ ಎಲ್ಲರೂ ತಡವರಿಸುತ್ತಾರೆ. ಎರಡನೆಯ ಸಲ ಸರಿಯಲ್ಲ ಅನ್ನುತ್ತಾರೆ. ಬೇಕಿದ್ದರೆ ಪೂರ್ತಿ ವಾಕ್ಯದಲ್ಲಿ, ನಾನು ಬಸ್ಸಿಗೇ ಬಂದೆ ಎಂದು ಹೇಳಿ ಅನ್ನುತ್ತೇನೆ. ಅದನ್ನು ಹಾಗೆಯೇ ಬರೆಸಿಕೊಳ್ಳಬೇಕೆಂದು ಕೋರ್ಟನ್ನು ಕೇಳುವುದು ನನ್ನ ಜವಾಬ್ದಾರಿ.

ಇಷ್ಟನ್ನು ಕೋರ್ಟಿನಲ್ಲಿ ಮಾಡುತ್ತ ಹೋದಂತೆ, ಬಂದವರಿಗೆ ಮಾತ್ರ ಇದು ಉಪಯೋಗ, ಬಾರದೇ ಇರುವವರಿಗೆ ಏನು ಎಂಬ ಪ್ರಶ್ನೆ ಎದ್ದಿತು. ತಾಲ್ಲೂಕು ಕಾನೂನು ಸೇವಾ ಸಮಿತಿ ಗ್ರಾಮ ಪಂಚಾಯಿತಿಗಳಲ್ಲಿ, ಶಾಲೆಗಳಲ್ಲಿ ಕಾನೂನು ಅರಿವು ಕಾರ್ಯಕ್ರಮ ನಡೆಸುತ್ತದೆ. ನ್ಯಾಯಾಧೀಶರೇ ಅಧ್ಯಕ್ಷರು, ವಕೀಲರ ಸಂಘದವರು ಇರುತ್ತಾರೆ, ನಮ್ಮನ್ನೂ ಕರೆಯುತ್ತಾರೆ. ವೇದಿಕೆಯ ಭಾಷಣ ಮುಗಿದ ಮೇಲೆ ಒಂದು ಗಂಟೆ ನನಗೆ ಜನರ ಜೊತೆ ಕೂರಲು ಬಿಡಿ ಎಂದು ಕೇಳಿಕೊಂಡೆ. ನಮ್ಮ ಇಲಾಖೆಯ ಮೇಲಧಿಕಾರಿಗಳ ಅನುಮತಿಯನ್ನೂ ಬರಹದಲ್ಲಿ ಪಡೆದೆ. ಇಂಥ ಕೆಲಸಕ್ಕೆ ಇಳಿಯುವ ಯಾರೇ ಆದರೂ ಈ ಅನುಮತಿ ಮೊದಲು ಪಡೆಯಬೇಕು, ಇಲ್ಲದಿದ್ದರೆ ಒಂದು ತಪ್ಪು ಅರ್ಜಿ ಸಾಕು ಎಲ್ಲ ನಿಲ್ಲಿಸಲು.

ಯಾವ ಹೊತ್ತಿಗೆ ಹೋಗಬೇಕು ಎಂಬುದನ್ನು ಜನರೇ ಕಲಿಸಿದರು. ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ಅವತ್ತು ಸಂಜೆ ಗುಡಿಯ ಕಟ್ಟೆಯ ಮೇಲೆ ಗಂಡಸರು ಸಿಗುತ್ತಾರೆ. ಹೆಣ್ಣುಮಕ್ಕಳು ಸಿಗುವುದು ಸ್ತ್ರೀಶಕ್ತಿ ಸಂಘದ ಸಭೆ ಇದ್ದ ದಿನ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹೋಗುವ ಕಾಲದಲ್ಲಿ ಯಾರೂ ಸಿಗುವುದಿಲ್ಲ, ಹೋಗುವುದೂ ಬೇಡ. ಇದೇ ತಿಳಿವಳಿಕೆ ಕೋರ್ಟಿನಲ್ಲೂ ಉಪಯೋಗಕ್ಕೆ ಬಂತು. ಮೆಣಸಿನಕಾಯಿ ಬಿಡಿಸುವ ತಿಂಗಳಲ್ಲಿ ಕೂಲಿಯವರನ್ನು ಸಾಕ್ಷಿಗೆ ಕರೆದರೆ ಆ ದಿನದ ಪಗಾರ ಹೋಗುತ್ತದೆ. ಸಾಧ್ಯವಿದ್ದ ಕಡೆ ಅಂಥ ಸಾಕ್ಷಿಗಳಿಗೆ ಬೇರೆ ದಿನ ಕೊಡಿ ಎಂದು ಕೋರಿದಾಗ ಕೋರ್ಟು ಒಪ್ಪಿದೆ.

ಪಗಾರದ ಮಾತು ಬಂತು, ಹೇಳಿಬಿಡುತ್ತೇನೆ. ಸಾಕ್ಷಿಗೆ ಬಂದವರ ನ್ಯಾಯವಾದ ಖರ್ಚನ್ನು ಸರ್ಕಾರದಿಂದ ಕೊಡಿಸಲು ಕ್ರಿಮಿನಲ್ ಕೋರ್ಟಿಗೆ ಅಧಿಕಾರವಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 312ನೇ ಕಲಂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 350. ಬತ್ತಾ ಅಂತಾರೆ. ಹೆಚ್ಚಿನ ಸಾಕ್ಷಿಗಳಿಗೆ ಹೀಗೊಂದು ಇದೆ ಎಂದೇ ಗೊತ್ತಿಲ್ಲ, ಯಾರೂ ಹೇಳುವುದೂ ಇಲ್ಲ. ಮೊತ್ತ ದೊಡ್ಡದೇನಲ್ಲ. ಆದರೂ ಸರ್ಕಾರ ನನ್ನ ಬಸ್ ಚಾರ್ಜು ಕೊಟ್ಟಿತು ಎಂಬುದು ಒಬ್ಬ ಕೂಲಿಕಾರನಿಗೆ ಸಣ್ಣ ಮಾತಲ್ಲ. ಅವನ ಮಾತಿಗೆ ಬೆಲೆ ಇದೆ ಎಂದು ಯಾರೋ ಒಪ್ಪಿಕೊಂಡ ಹಾಗೆ. ದೌರ್ಜನ್ಯ ತಡೆ ಕಾಯ್ದೆಯ ಕೇಸುಗಳಲ್ಲಂತೂ ಪರಿಶಿಷ್ಟ ಜಾತಿ, ಪಂಗಡದ ಸಂತ್ರಸ್ತರಿಗೂ ಸಾಕ್ಷಿಗಳಿಗೂ ಪ್ರಯಾಣ ಭತ್ಯೆ, ದಿನಭತ್ಯೆಗಳನ್ನು 1995ರ ನಿಯಮಗಳೇ ಹೇಳಿವೆ.

ಊರಿನ ಸಭೆಗಳಲ್ಲಿ ಕಾನೂನಿನ ಕಲಂಗಳನ್ನು ಓದಿದರೆ ಯಾರಿಗೂ ತಲೆಗೆ ಹತ್ತುವುದಿಲ್ಲ. ನಾವು ಅಲ್ಲಿ ಸಾಕ್ಷಿ ವಿಚಾರಣೆಯನ್ನೇ ಮಾಡಿ ತೋರಿಸಲು ಶುರು ಮಾಡಿದೆವು. ಒಂದು ಕುರ್ಚಿ ಕಟಕಟೆ. ಸಂಘದ ಒಬ್ಬ ಹೆಣ್ಣುಮಗಳು ಕುರಿ ಕಳೆದುಕೊಂಡ ಫಿರ್ಯಾದಿದಾರಳು. ನಾನು ಮುಖ್ಯ ವಿಚಾರಣೆ ಮಾಡುತ್ತೇನೆ, ವಕೀಲರ ಸಂಘದ ಒಬ್ಬ ಯುವ ವಕೀಲರು ಆರೋಪಿ ಪರ ಪಾಟಿ ಸವಾಲು ಮಾಡುತ್ತಾರೆ. ಕೋರ್ಟಿನಲ್ಲಿ ನನ್ನ ಎದುರಾಳಿಯಾಗಿ ನಿಲ್ಲುವವರೇ ಅವರು. ಇಬ್ಬರೂ ಒಟ್ಟಿಗೆ ಊರಿಗೆ ಬಂದದ್ದು ನೋಡಿಯೇ ಜನರಿಗೆ ಅರ್ಧ ವಿಷಯ ತಿಳಿಯಿತು. ಪಾಟಿ ಸವಾಲು ಅಂದರೆ ಜಗಳವಲ್ಲ, ಅದು ಆರೋಪಿಯ ಹಕ್ಕು, ಆ ವಕೀಲರು ಕೆಟ್ಟವರಲ್ಲ. ಒಂದು ಊರಿನಲ್ಲಿ ಕುರಿಯ ಬಣ್ಣದ ಬಗ್ಗೆ ಕೇಳಿದ ಮೂರು ಪ್ರಶ್ನೆಗೇ ಆಕೆ ಸುಸ್ತಾಗಿ, "ಅಕ್ಕಾರ, ಖರೇ ಹೇಳಾಕೂ ಇಷ್ಟ ತ್ರಾಸ ಐತೇನ್ರೀ?" ಅಂದಳು. ಐತಿ, ಆದರೂ ಹೇಳಬೇಕು ಎಂದೆ. ಯಾಕೆ ಹೇಳಬೇಕು ಎಂಬ ಚರ್ಚೆ ಆ ದಿನ ದೀಪ ಹಚ್ಚುವ ಹೊತ್ತಿನವರೆಗೆ ನಡೆಯಿತು.

ಪಂಚರ ವಿಷಯ ಬೇರೆಯೇ. ಪೊಲೀಸರು ಜಪ್ತಿ, ಸ್ಥಳ ಪಂಚನಾಮೆ ಮಾಡುವಾಗ ನೋಡಿ ಸಹಿ ಹಾಕಲು ಸ್ಥಳೀಯರನ್ನು ಕರೆಯುತ್ತಾರೆ, ಅವರೇ ಪಂಚರು. ಸಿಗುವವರು ಚಹಾ ಅಂಗಡಿಯವರು, ಪಂಚಾಯಿತಿಯ ಸಿಬ್ಬಂದಿ, ದಾರಿಯಲ್ಲಿ ಹೋಗುತ್ತಿದ್ದವರು. ಕೋರ್ಟಿನಲ್ಲಿ ಅವರ ಉತ್ತರ ಒಂದೇ: "ಸಹಿ ನಂದ ಐತ್ರೀ, ಅದರಾಗ ಏನ್ ಬರದಾರ ನನಗ ಗೊತ್ತಿಲ್ಲ." ಊರಿನ ಸಭೆಗಳಲ್ಲಿ ಇದನ್ನೇ ನೇರವಾಗಿ ಎತ್ತಿದೆ. ಖಾಲಿ ಹಾಳೆಗೆ ಸಹಿ ಮಾಡಬೇಡಿ. ಓದಿ, ಓದಲು ಬಾರದಿದ್ದರೆ ಓದಿಸಿಕೊಂಡು ಕೇಳಿ. ನಿಮ್ಮ ಎದುರಿಗೆ ಆಗಿದ್ದಕ್ಕೆ ಮಾತ್ರ ಸಹಿ ಹಾಕಿ, ಹಾಕಿದ ಮೇಲೆ ಕೋರ್ಟಿಗೆ ಬಂದು ಹೇಳಿ. ಇದು ಪೊಲೀಸರಿಗೆ ಮೊದಮೊದಲು ಹಿಡಿಸಲಿಲ್ಲ. ನಿಮ್ಮ ಕೇಸು ಉಳಿಯುವುದೂ ಇದರಿಂದಲೇ ಎಂದು ಕೂತು ಮಾತಾಡಿ ಒಪ್ಪಿಸಬೇಕಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಶೋಧ, ಜಪ್ತಿಗಳನ್ನು ದೃಶ್ಯ ಮತ್ತು ಧ್ವನಿ ಸಹಿತ ಚಿತ್ರೀಕರಿಸಬೇಕು ಎಂದಿದೆ. ಮೊಬೈಲಿನಲ್ಲೂ ಮಾಡಬಹುದು. ಇದು ನನ್ನ ದೃಷ್ಟಿಯಲ್ಲಿ ದೊಡ್ಡ ಬದಲಾವಣೆ. ಪಂಚನಿಗೂ ರಕ್ಷಣೆ, ಆರೋಪಿಗೂ ರಕ್ಷಣೆ.

ಈಗ ರಾಜಿಗೆ ಬರುತ್ತೇನೆ. ನನ್ನ ಅನುಭವದಲ್ಲಿ ಸಾಕ್ಷಿ ತಿರುಗಲು ಹೆದರಿಕೆಗಿಂತ, ಹಣಕ್ಕಿಂತ ದೊಡ್ಡ ಕಾರಣ ಇದೇ. "ಇದ ಊರಾಗ ಬಾಳೇ ಮಾಡಬೇಕಲ್ರೀ ನಾವು" ಅನ್ನುತ್ತಾರೆ. ಆ ಮಾತಿನಲ್ಲಿ ಸುಳ್ಳಿಲ್ಲ. ಬಾವಿ ಒಂದೇ, ಬದು ಒಂದೇ, ದ್ಯಾಮವ್ವನ ಜಾತ್ರೆಗೆ ಪಟ್ಟಿ ಒಟ್ಟಿಗೇ ಎತ್ತಬೇಕು. ಹಿರಿಯರು ಕೂಡಿಸಿ ಬಗೆಹರಿಸಿದ್ದನ್ನು ಕೋರ್ಟು ಮತ್ತೆ ಕೆದಕುತ್ತದೆ ಎಂದು ಅವರಿಗೆ ಅನ್ನಿಸಿದರೆ ತಪ್ಪು ಹುಡುಕಲಾರೆ. ಆದರೆ ಅವರ ತಲೆಯಲ್ಲಿ ಎರಡೇ ದಾರಿ ಇರುತ್ತದೆ. ನಿಜ ಹೇಳಿದರೆ ಆರೋಪಿ ಜೈಲಿಗೆ ಹೋಗುತ್ತಾನೆ, ರಾಜಿ ಉಳಿಯಬೇಕಾದರೆ ಸುಳ್ಳು ಹೇಳಬೇಕು. ಮೂರನೆಯ ದಾರಿ ಇದೆ ಎಂದು ತಿಳಿಸುವುದೇ ನಾನು ಊರೂರಿಗೆ ಹೋಗುವುದರ ಮುಖ್ಯ ಉದ್ದೇಶವಾಯಿತು.

ಕಾನೂನೇ ಹಲವು ಅಪರಾಧಗಳಲ್ಲಿ ರಾಜಿಗೆ ಅವಕಾಶ ಕೊಟ್ಟಿದೆ. ಹಳೆಯ ಸಂಹಿತೆಯಲ್ಲಿ 320ನೇ ಕಲಂ, ಹೊಸದರಲ್ಲಿ 359. ಕೈಯಿಂದ ಹೊಡೆದ ಸಾದಾ ಗಾಯ, ಬೈಗುಳದ ಅವಮಾನ ಇಂಥವನ್ನು ನೊಂದವರು ಕೋರ್ಟಿನ ಎದುರಿಗೇ ರಾಜಿ ಮಾಡಿಕೊಳ್ಳಬಹುದು, ಲೋಕ ಅದಾಲತ್ತಿನಲ್ಲೂ ಆಗುತ್ತದೆ. ಸುಳ್ಳು ಹೇಳುವ ಅಗತ್ಯವೇ ಇಲ್ಲ. ಗಂಡನ ಮನೆಯ ಕಿರುಕುಳದ ಕೇಸಿಗೆ ಈ ಅವಕಾಶ ಇಲ್ಲ. ಆದರೆ ಇಬ್ಬರೂ ನಿಜವಾಗಿ ಬೇರೆಯಾಗಿ, ಲೆಕ್ಕ ಚುಕ್ತಾ ಮಾಡಿಕೊಂಡಿದ್ದರೆ ಹೈಕೋರ್ಟು ಅಂಥ ಕೇಸನ್ನು ರದ್ದು ಮಾಡಬಹುದು. ಸುಪ್ರೀಂ ಕೋರ್ಟು 2003ರ ಬಿ.ಎಸ್. ಜೋಶಿ, 2012ರ ಗಿಯಾನ್ ಸಿಂಗ್ ತೀರ್ಪುಗಳಲ್ಲಿ ಈ ದಾರಿಯನ್ನು ಒಪ್ಪಿದೆ. ನಮ್ಮ ಭಾಗದವರಿಗೆ ಇದಕ್ಕೆ ಬೆಂಗಳೂರಿನವರೆಗೆ ಹೋಗಬೇಕಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಧಾರವಾಡ ಪೀಠ ಇದೆ. ಒಂದು ಎಚ್ಚರಿಕೆಯನ್ನು ಮಾತ್ರ ಹೆಣ್ಣುಮಕ್ಕಳ ಸಭೆಗಳಲ್ಲಿ ತಪ್ಪದೆ ಹೇಳುತ್ತೇನೆ: ಒತ್ತಾಯದ ರಾಜಿ ರಾಜಿಯಲ್ಲ. ಮನೆಯಲ್ಲಿ ಇರಲು ರಕ್ಷಣೆ, ಖರ್ಚಿಗೆ ಹಣ ಬೇಕಾದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ನಮ್ಮಲ್ಲಿ ಅದರ ಸಂರಕ್ಷಣಾಧಿಕಾರಿ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂಗನವಾಡಿ ಟೀಚರಿಗೆ ಕೇಳಿದರೂ ಅವರ ಕಚೇರಿ ಗೊತ್ತಾಗುತ್ತದೆ.

ಒಂದು ಕೇಸಿನ ಮಾತು ಹೇಳುತ್ತೇನೆ, ಗುರುತು ಸಿಗದಷ್ಟು. ಅಣ್ಣತಮ್ಮಂದಿರ ಮಕ್ಕಳ ನಡುವೆ ಬದುವಿನ ಜಗಳ. ಕುಡುಗೋಲಿನಿಂದ ಮುಂಗೈಗೆ ಗಾಯ. ಹರಿತವಾದ ಆಯುಧ ಆದ್ದರಿಂದ ರಾಜಿಗೆ ಬರುವ ಅಪರಾಧವಲ್ಲ. ಊರಲ್ಲಿ ಬಗೆಹರಿದಿತ್ತು, ಬದುವನ್ನು ಅಳೆಸಿ ಕಲ್ಲು ಹಾಕಿದ್ದರು, ಗಾಯಾಳುವಿನ ಆಸ್ಪತ್ರೆ ಖರ್ಚನ್ನೂ ಕೊಟ್ಟಿದ್ದರು. ಸಾಕ್ಷಿಗಳೆಲ್ಲ "ಕಲ್ಲಿನ ಮ್ಯಾಲೆ ಬಿದ್ದು ಗಾಯ ಆತು" ಎಂದು ಹೇಳಲು ತಯಾರಾಗಿ ಬರುವವರಿದ್ದರು. ಹಿಂದೆ ಆ ಊರಿನ ಸಭೆಗೆ ನಾನು ಹೋಗಿದ್ದೆ. ಆ ನೆನಪಿನಿಂದ ಗಾಯಾಳುವೇ ತಾರೀಖಿನ ದಿನ ಬೆಳಿಗ್ಗೆ ನನ್ನ ಕೋಣೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನೀವು ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಅದೇ ಬೇರೆ ಅಪರಾಧ, ನಾನು ಅದಕ್ಕೆ ಒಪ್ಪಲಾರೆ, ಆದರೆ ನಿಜ ಹೇಳಿದ ಮೇಲೆ ನಮ್ಮ ನಡುವೆ ಈಗ ವೈರ ಇಲ್ಲ, ದಯೆ ತೋರಿಸಿ ಎಂದು ಕೋರ್ಟನ್ನು ಕೇಳುವ ಹಕ್ಕು ನಿಮಗಿದೆ ಎಂದೆ. ಅವರು ಹಾಗೆಯೇ ಮಾಡಿದರು. ಕುಡುಗೋಲಿನಿಂದಲೇ ಆಯಿತು ಎಂದರು, ಯಾರು ಬೀಸಿದರು ಎಂದೂ ಹೇಳಿದರು, ಕೊನೆಗೆ ಕೈ ಮುಗಿದು "ಅವ ನನ್ನ ತಮ್ಮನ ರೀ" ಅಂದರು. ಅಪರಾಧ ಸಾಬೀತಾಯಿತು. ಆರೋಪಿಯ ಮೇಲೆ ಹಿಂದೆ ಯಾವ ಕೇಸೂ ಇರಲಿಲ್ಲ. ಅವರ ವಕೀಲರು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಜೈಲಿಗೆ ಕಳಿಸದೆ ಬಿಡಬೇಕೆಂದು ಕೋರಿದರು, ನಾನು ವಿರೋಧಿಸಲಿಲ್ಲ. ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಗಾಯಾಳುವಿಗೆ ಪರಿಹಾರ ಕೊಡಿಸಿ ಕೋರ್ಟು ಬಿಟ್ಟಿತು.

ಆ ಊರಿನಲ್ಲಿ ಈ ಸುದ್ದಿ ನನ್ನ ಎಲ್ಲ ಭಾಷಣಗಳಿಗಿಂತ ದೂರ ಹೋಯಿತು. ಪಕ್ಕದ ಊರಿನ ಹಿರಿಯರು ಈಗ ರಾಜಿಗೆ ಕೂರುವ ಮೊದಲೇ ಬಂದು, "ಇದು ಕೋರ್ಟಿನ್ಯಾಗ ರಾಜಿ ಆಗೋ ಕೇಸೋ ಅಲ್ಲೋ ನೋಡ್ರಿ" ಅನ್ನುತ್ತಾರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ಬಾಲ್ಯವಿವಾಹ, ದಲಿತರ ಮೇಲಿನ ದೌರ್ಜನ್ಯ ಇವುಗಳಿಗೆ ಕಟ್ಟೆಯ ಮೇಲೆ ಕೂರುವುದೇ ತಪ್ಪು ಎಂದು ಅವರಿಗೆ ಖಡಾಖಂಡಿತವಾಗಿ ಹೇಳಿದ್ದೇನೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆಯಲ್ಲಿ ಗೊತ್ತಿದ್ದೂ ದೂರು ಕೊಡದಿರುವುದೇ ಅಪರಾಧ. ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು.

ಹೆದ್ದಾರಿಯ ಪಕ್ಕದ ಊರುಗಳಲ್ಲಿ ಕೇಳುವುದು ಬೇರೆ. ಅಪಘಾತವಾದಾಗ ಮೊದಲು ಓಡಿ ಬರುವವರು ಢಾಬಾದವರು, ಪಂಕ್ಚರ್ ಅಂಗಡಿಯ ಹುಡುಗರು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಕೋರ್ಟು ಅಲೆಯಬೇಕಾದೀತು ಎಂಬ ಭಯ ಅವರಿಗೆ. ಅವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಹೇಳುತ್ತೇನೆ, 2019ರ ತಿದ್ದುಪಡಿಯಲ್ಲಿ ಬಂದದ್ದು. ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳೆಂದು ಬಲವಂತ ಮಾಡುವಂತಿಲ್ಲ, ಸಾಕ್ಷಿಯಾಗುವುದು ಬಿಡುವುದು ಅವರ ಇಷ್ಟ. ಇಷ್ಟು ಹೇಳಿ ಬಿಟ್ಟರೆ ಸಾಕ್ಷಿಗಳೇ ಇಲ್ಲವಾಗುತ್ತಾರೆ ಎಂದು ಠಾಣೆಯಲ್ಲಿ ಒಬ್ಬರು ಆತಂಕಪಟ್ಟರು. ಹಾಗಾಗಲಿಲ್ಲ. ಒತ್ತಾಯವಿಲ್ಲ ಎಂದು ಗೊತ್ತಾದ ಮೇಲೆ ಕೆಲವರು ತಾವಾಗಿಯೇ, ಲಾರಿ ಯಾವ ಕಡೆಯಿಂದ ಬಂತು ನಾನು ನೋಡೇನಿ ಎಂದು ಮುಂದೆ ಬಂದಿದ್ದಾರೆ.

ಫಿರ್ಯಾದಿದಾರರಿಗೆ ಪ್ರತಿ ಸಭೆಯಲ್ಲೂ ಹೇಳುವ ಕೆಲವು ಮಾತುಗಳಿವೆ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ತನಿಖೆ ಎಲ್ಲಿಗೆ ಬಂತು ಎಂದು 90 ದಿನಗಳೊಳಗೆ ಪೊಲೀಸರೇ ನಿಮಗೆ ತಿಳಿಸಬೇಕು, ಹೊಸ ಸಂಹಿತೆಯ 193ನೇ ಕಲಂ ಹಾಗೆ ಹೇಳುತ್ತದೆ. ನನ್ನ ಜೊತೆಗೆ ನೆರವಾಗಲು ನಿಮ್ಮದೇ ಒಬ್ಬ ವಕೀಲರನ್ನು ಇಟ್ಟುಕೊಳ್ಳಲು ಕೋರ್ಟು ಅನುಮತಿ ಕೊಡಬಹುದು. ಆರೋಪಿ ಬಿಡುಗಡೆಯಾದರೆ ಮೇಲ್ಮನವಿ ಹಾಕುವ ಹಕ್ಕು ಸರ್ಕಾರಕ್ಕೆ ಮಾತ್ರವಲ್ಲ, ನೊಂದವರಿಗೂ ಇದೆ. ಬಡವರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಉಚಿತ ವಕೀಲರಿದ್ದಾರೆ, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಈ ಕೊನೆಯದನ್ನು ಆರೋಪಿಗಳ ಮನೆಯವರಿಗೂ ಹೇಳುತ್ತೇನೆ. ಒಮ್ಮೆ ಸಭೆ ಮುಗಿದ ಮೇಲೆ ಒಬ್ಬ ತಾಯಿ ಹಿಂದೆ ಉಳಿದು, ಮಗ ಹಾವೇರಿ ಜೈಲಿನ್ಯಾಗ ಅದಾನ, ವಕೀಲರಿಗೆ ರೊಕ್ಕ ಇಲ್ಲ ಎಂದು ಅತ್ತಳು. ಆ ಮಗನ ವಿರುದ್ಧ ಕೇಸು ನಡೆಸಬೇಕಾದವಳು ನಾನೇ. ಕೇಸಿನ ಬಗ್ಗೆ ಒಂದು ಮಾತೂ ಆಡದೆ ಕಾನೂನು ಸೇವಾ ಸಮಿತಿಯ ಕಚೇರಿಗೆ ಕಳಿಸಿದೆ. ವಕೀಲರಿಲ್ಲದ ಆರೋಪಿಯ ವಿರುದ್ಧ ಗೆದ್ದರೆ ಅದನ್ನು ಗೆಲುವು ಎಂದು ನಾನು ಎಣಿಸುವುದಿಲ್ಲ.

ಗೆರೆಗಳನ್ನು ಕಟ್ಟುನಿಟ್ಟಾಗಿ ಇಟ್ಟುಕೊಂಡಿದ್ದೇನೆ. ನಡೆಯುತ್ತಿರುವ ಕೇಸಿನ ಬಗ್ಗೆ ಸಭೆಯಲ್ಲಿ ಮಾತಿಲ್ಲ, ಯಾರೇ ಕೇಳಿದರೂ ಕೋರ್ಟಿಗೆ ಬನ್ನಿ ಎಂದಷ್ಟೇ. ಯಾರ ಮನೆಯಲ್ಲೂ ಚಹಾ ಇಲ್ಲ, ಸಭೆ ಪಂಚಾಯಿತಿ ಕಚೇರಿ, ಶಾಲೆ, ಗುಡಿಯ ಕಟ್ಟೆಯಂಥ ಸಾರ್ವಜನಿಕ ಜಾಗದಲ್ಲಿ ಮಾತ್ರ. ಕೇಸು ಇರುವವರ ಜೊತೆ ವೇದಿಕೆ ಹಂಚಿಕೊಳ್ಳುವುದಿಲ್ಲ, ಚುನಾವಣೆ ಘೋಷಣೆಯಾದರೆ ಸಭೆಯೇ ಇಲ್ಲ. ಶಾಲು, ಹಾರ ಬೇಡವೆಂದು ಮೊದಲೇ ತಿಳಿಸುತ್ತೇನೆ. ಸಾಕ್ಷಿಯ ಫೋನ್ ನಂಬರು ನನ್ನ ಮೊಬೈಲಿನಲ್ಲಿ ಇಟ್ಟುಕೊಳ್ಳುವುದಿಲ್ಲ, ತಾರೀಖಿನ ಹಿಂದಿನ ದಿನ ನೆನಪಿಸುವ ಕರೆ ಕೋರ್ಟ್ ಕಾನ್‌ಸ್ಟೇಬಲ್ ಮೂಲಕವೇ ಹೋಗುತ್ತದೆ.

ಇಷ್ಟಾದರೂ ಸಾಕ್ಷಿಗಳು ತಿರುಗುತ್ತಾರೆ. ದುಡ್ಡಿದ್ದವರು, ರಾಜಕೀಯ ಬಲ ಇದ್ದವರು ಆರೋಪಿಗಳಾದಾಗ ನನ್ನ ಕಟ್ಟೆಯ ಮಾತುಗಳು ಸಾಲುವುದಿಲ್ಲ. ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟು 2018ರಲ್ಲಿ ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ದೇಶಕ್ಕೆಲ್ಲ ಅನ್ವಯಿಸಿತು. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಿದರೆ ಬೆದರಿಕೆಯ ತೀವ್ರತೆ ನೋಡಿ ರಕ್ಷಣೆ ಕೊಡುತ್ತಾರೆ. ಹೀಗೊಂದು ಇದೆ ಎಂದು ಸಾಕ್ಷಿಗೆ ತಿಳಿಸಿ, ಅರ್ಜಿ ಬರೆಯಲು ನೆರವಾಗುವುದು ನಮ್ಮಂಥವರ ಕೆಲಸ ಎಂದು ನಾನು ತಿಳಿದಿದ್ದೇನೆ.

ನನಗೆ ಇನ್ನೂ ಬಗೆಹರಿಯದ ತೊಂದರೆ ಒಂದು ಉಳಿದಿದೆ. ನಮ್ಮ ಕಡೆಯ ಎಷ್ಟೋ ಹಳ್ಳಿಗಳಿಗೆ ಬೆಳಿಗ್ಗೆ ಇರುವುದು ಒಂದೇ ಬಸ್ಸು. ಹೊಡೆಸಿಕೊಂಡವರೂ ಹೊಡೆದವರೂ ಅದರಲ್ಲೇ ಬರಬೇಕು. ಕೋರ್ಟಿಗೆ ಬಂದ ಮೇಲೂ ಅದೇ ವರಾಂಡ, ಅದೇ ಬೆಂಚು, ಹೆಸರು ಕೂಗುವವರೆಗೆ ಎದುರುಬದುರು. ಸಾಕ್ಷಿಯ ಮನಸ್ಸು ಬದಲಾಗಲು ಆ ಎರಡು ಗಂಟೆ ಸಾಕು. ಮಕ್ಕಳು ಮತ್ತು ದುರ್ಬಲ ಸಾಕ್ಷಿಗಳಿಗಾಗಿ ಪ್ರತ್ಯೇಕ ಕೇಂದ್ರಗಳಿರಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ನಿರ್ದೇಶಿಸಿದೆ, ಅದು ಜಿಲ್ಲೆಯ ಮಟ್ಟದ ಮಾತು. ತಾಲ್ಲೂಕು ಕೋರ್ಟುಗಳಲ್ಲಿ ಸಾದಾ ಸಾಕ್ಷಿಗಳಿಗೂ ಒಂದು ಕೋಣೆ, ನಾಲ್ಕು ಕುರ್ಚಿ, ಕುಡಿಯುವ ನೀರು, ಒಂದು ಶೌಚಾಲಯ ಬೇಕು. ಇದನ್ನು ಬರಹದಲ್ಲಿ ಕೇಳಿದ್ದೇನೆ. ಸಿಗುವವರೆಗೆ ಅವರು ನನ್ನ ಕೋಣೆಯಲ್ಲೇ ಕೂರುತ್ತಾರೆ, ಕಡತಗಳ ಕಪಾಟನ್ನು ಹೊರಗಿನ ಗೋಡೆಗೆ ಸರಿಸಿ ಜಾಗ ಮಾಡಿದ್ದೇನೆ.